ಮಹಾಪ್ರಬಂಧಗಳ ಕಪಾಟು ತೆರೆದವರು

ಪಿಎಚ್‌.ಡಿ. ಮುಗಿದ ಮೇಲೆ ಮಹಾಪ್ರಬಂಧದ ಗತಿ ಏನಾಗುತ್ತಿತ್ತು ಎಂಬುದು ವಿಶ್ವವಿದ್ಯಾಲಯದ ಒಳಗಿದ್ದವರಿಗೆಲ್ಲ ಗೊತ್ತು. ರೆಕ್ಸಿನ್ ಬೈಂಡ್ ಹಾಕಿಸಿ, ಮೇಲೆ ಬಂಗಾರದ ಬಣ್ಣದ ಅಕ್ಷರ ಒತ್ತಿಸಿ ನಾಲ್ಕೈದು ಪ್ರತಿ ಮಾಡಿಸುತ್ತಿದ್ದರು. ಒಂದು ಪರೀಕ್ಷಾಂಗಕ್ಕೆ, ಒಂದು ಮಾರ್ಗದರ್ಶಕರಿಗೆ, ಒಂದು ಗ್ರಂಥಾಲಯಕ್ಕೆ. ಗ್ರಂಥಾಲಯದ ಪ್ರತಿ ‘ಪರಾಮರ್ಶನಕ್ಕೆ ಮಾತ್ರ’ ಎಂಬ ಮೊಹರು ಬಿದ್ದು ಕಪಾಟು ಸೇರುತ್ತಿತ್ತು. ಮೈಸೂರಿನಲ್ಲಿ ಅದೇ ವಿಷಯದ ಮೇಲೆ ಕೆಲಸ ಆಗಿದೆ ಎನ್ನುವುದು ಧಾರವಾಡದ ಸಂಶೋಧಕನಿಗೆ ಯಾರಾದರೂ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ವರ್ಷಗಟ್ಟಲೆ ಊರೂರು ತಿರುಗಿ ಕಲೆಹಾಕಿದ ಜನಪದ ಕತೆ, ಊರದೇವರ ಜಾತ್ರೆಯ ವಿವರ, ಮರೆಯಾದ ಕಸುಬುಗಳ ಮಾಹಿತಿ ಹೀಗೆ ನಾಲ್ಕು ಜನರ ಕಣ್ಣಿಗೂ ಬೀಳದೆ ಉಳಿದದ್ದು ಕನ್ನಡಕ್ಕಾದ ದೊಡ್ಡ ನಷ್ಟ.

ಈ ಕಪಾಟುಗಳನ್ನು ತೆರೆಯುವ ಕೆಲಸಕ್ಕೆ ದೇಶದಲ್ಲಿ ಮುಂಚೆಯೇ ಕೈಹಾಕಿದವರಲ್ಲಿ ಕರ್ನಾಟಕದವರಿದ್ದಾರೆ ಎಂಬುದು ನಮ್ಮಲ್ಲೇ ಬಹಳ ಜನಕ್ಕೆ ತಿಳಿದಿಲ್ಲ. 2000ದ ಹೊತ್ತಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕಿ ಶಾಲಿನಿ ಅರಸ್ ಅವರ ಮುಂದಾಳತ್ವದಲ್ಲಿ ‘ವಿದ್ಯಾನಿಧಿ’ ಶುರುವಾಯಿತು. ಭಾರತದ ಮಹಾಪ್ರಬಂಧಗಳಿಗೊಂದು ಡಿಜಿಟಲ್ ಭಂಡಾರ ಕಟ್ಟುವುದು ಅದರ ಗುರಿ. ಯೂನಿಕೋಡ್ ಎಂದರೇನು ಎಂದು ಕಚೇರಿಗಳಲ್ಲಿ ಇನ್ನೂ ಕೇಳುತ್ತಿದ್ದ ಕಾಲದಲ್ಲೇ ಕನ್ನಡ, ಹಿಂದಿ ಪ್ರಬಂಧಗಳ ವಿವರವನ್ನು ಆಯಾ ಲಿಪಿಯಲ್ಲೇ, ಪ್ರತಿ ಲಿಪಿಯ ಅಕ್ಷರಕ್ಕೂ ನಿಗದಿತ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ದಾಖಲಿಸಲು ಅವರು ಹೊರಟಿದ್ದರು.

2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಹಿತಿ ವಿಜ್ಞಾನಿ ಟಿ. ಬಿ. ರಾಜಶೇಖರ್ ಮತ್ತವರ ತಂಡ ಇನ್ನೊಂದು ದಾರಿ ಹಿಡಿಯಿತು. ಸಂಸ್ಥೆಯ ವಿಜ್ಞಾನಿಗಳು ಬರೆದ ಲೇಖನಗಳನ್ನೆಲ್ಲ ಒಂದೆಡೆ ಕೂಡಿಸಿ ಯಾರು ಬೇಕಾದರೂ ಓದಲು ಬಿಡುವ ಭಂಡಾರ ಅದು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯ ಬಿಟ್ಟುಕೊಟ್ಟಿದ್ದ ‘ಇಪ್ರಿಂಟ್ಸ್’ ಎಂಬ ಉಚಿತ ತಂತ್ರಾಂಶದ ಮೇಲೆ ಕಟ್ಟಿದ್ದು. ಸಂಸ್ಥೆಯೊಂದು ತನ್ನದೇ ಸಂಶೋಧನೆಗೆ ಮಾಡಿಕೊಂಡ ಇಂಥ ಭಂಡಾರ ಭಾರತದಲ್ಲಿ ಅದೇ ಮೊದಲು.

ಗ್ರಂಥಾಲಯದವರೇ ಈ ಕೆಲಸಕ್ಕೆ ಮುಂದಾಗಲು ಕಾರಣವಿತ್ತು. ಸಂಶೋಧನೆಗೆ ದುಡ್ಡು ಕೊಡುವುದು ಬಹುಪಾಲು ಸರ್ಕಾರ. ಲೇಖನ ಬರೆದವರಿಗೆ ಪತ್ರಿಕೆಯಿಂದ ಸಂಭಾವನೆ ಇಲ್ಲ, ಅದನ್ನು ತಿದ್ದಿ ಒರೆಹಚ್ಚುವ ವಿದ್ವಾಂಸರಿಗೂ ಇಲ್ಲ. ಅಚ್ಚಾದ ಮೇಲೆ ಅದೇ ಲೇಖನವನ್ನು ಅದೇ ಸಂಸ್ಥೆಯ ಗ್ರಂಥಾಲಯ ಚಂದಾ ಕಟ್ಟಿ ಕೊಳ್ಳಬೇಕು. ಚಂದಾ ವರ್ಷ ವರ್ಷ ಏರಿದಂತೆ ಯಾವ ಪತ್ರಿಕೆ ಉಳಿಸಿಕೊಳ್ಳಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ಪಟ್ಟಿ ಹಿಡಿದು ಕೂರುವವರು ಗ್ರಂಥಪಾಲಕರೇ. ಬಿಸಿ ಮೊದಲು ತಟ್ಟಿದ್ದು ಅವರಿಗೆ. 2002ರ ಬುಡಾಪೆಸ್ಟ್ ಹೇಳಿಕೆ, 2003ರ ಬರ್ಲಿನ್ ಘೋಷಣೆಗಳು ‘ಮುಕ್ತ ಪ್ರವೇಶ’ ಎಂಬ ಹೆಸರಿನಲ್ಲಿ ಕೇಳಿದ್ದೂ ಇದನ್ನೇ: ಸಂಶೋಧನೆಯನ್ನು ಓದಲು ಹಣದ ಬೇಲಿ ಇರಕೂಡದು. 2006ರ ನವೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಸಭೆ ಸೇರಿದ ಹಲವು ದೇಶಗಳ ತಜ್ಞರು, ಅಭಿವೃದ್ಧಿಶೀಲ ದೇಶಗಳಿಗೆ ಒಪ್ಪುವ ಮುಕ್ತ ಪ್ರವೇಶ ನೀತಿಯ ಮಾದರಿಯೊಂದನ್ನು ರೂಪಿಸಿದರು.

ಭಂಡಾರ ತುಂಬುವುದು ಹೇಳಿದಷ್ಟು ಸುಲಭವಲ್ಲ. ಒಂದೇ ಲೇಖನಕ್ಕೆ ಮೂರು ರೂಪ: ಲೇಖಕರು ಮೊದಲು ಕಳಿಸಿದ್ದು, ತಿದ್ದುಪಡಿಯಾಗಿ ಪತ್ರಿಕೆ ಒಪ್ಪಿಕೊಂಡಿದ್ದು, ಪ್ರಕಾಶಕರು ಪುಟ ಕಟ್ಟಿ ಅಚ್ಚು ಹಾಕಿದ್ದು. ಮೂರನೆಯದನ್ನು ಹಾಕಲು ಹೆಚ್ಚಿನ ಪ್ರಕಾಶಕರು ಬಿಡುವುದಿಲ್ಲ. ಎರಡನೆಯದನ್ನು ಆರು ತಿಂಗಳೋ ವರ್ಷವೋ ಕಳೆದ ಮೇಲೆ ಹಾಕಬಹುದು ಎಂದು ಕೆಲವರು ಒಪ್ಪುತ್ತಾರೆ. ಯಾವ ಪತ್ರಿಕೆಯ ನಿಯಮ ಏನು ಎಂದು ನೋಡಿಕೊಂಡು, ‘ಸರ್, ನೀವು ಕೊನೆಗೆ ಕಳಿಸಿದ ವರ್ಡ್ ಫೈಲ್ ಇದೆಯಾ?’ ಎಂದು ಪ್ರಾಧ್ಯಾಪಕರ ಬೆನ್ನು ಹತ್ತಿ, ಸಿಕ್ಕ ಫೈಲಿಗೆ ಲೇಖಕರು, ವರ್ಷ, ವಿಷಯ, ಸಾರಾಂಶವೆಲ್ಲ ತುಂಬಿ ಏರಿಸುವವರು ಗ್ರಂಥಾಲಯದ ಸಿಬ್ಬಂದಿ. ಅವರ ಹೆಸರು ಎಲ್ಲೂ ಬರುವುದಿಲ್ಲ.

ಮಹಾಪ್ರಬಂಧಗಳ ವಿಷಯದಲ್ಲಿ ಬದಲಾವಣೆ ತಂದದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮ. ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿ ಕೊಡುವುದು ಕಡ್ಡಾಯವಾಯಿತು. ಅದನ್ನು ತುಂಬಿಕೊಳ್ಳಲು ಯುಜಿಸಿಯದೇ ಆದ, ಗುಜರಾತಿನ ಗಾಂಧಿನಗರದ ‘ಇನ್‌ಫ್ಲಿಬ್‌ನೆಟ್’ ಕೇಂದ್ರ ‘ಶೋಧಗಂಗಾ’ವನ್ನು ಕಟ್ಟಿತು. ಈಗ ಅಲ್ಲಿ ಲಕ್ಷಗಟ್ಟಲೆ ಪ್ರಬಂಧಗಳಿವೆ. ಒಂದು ಪ್ರಬಂಧ ತೆರೆದರೆ ಸಾಮಾನ್ಯವಾಗಿ ಇಡೀ ಗ್ರಂಥ ಒಂದೇ ಫೈಲಾಗಿ ಸಿಗುವುದಿಲ್ಲ. 01 ಎಂದರೆ ಶೀರ್ಷಿಕೆ ಪುಟ, ಮುಂದೆ ಪ್ರಮಾಣಪತ್ರದಂಥ ಆರಂಭದ ಪುಟಗಳು, ಆಮೇಲೆ ಅಧ್ಯಾಯಗಳು ಒಂದೊಂದಾಗಿ. ಐದನೆಯ ಅಧ್ಯಾಯ ಮಾತ್ರ ಬೇಕೆಂದವರು ಅಷ್ಟನ್ನೇ ಇಳಿಸಿಕೊಳ್ಳಬಹುದು. ನೆಟ್‌ವರ್ಕ್ ದುರ್ಬಲವಾಗಿರುವ ಊರುಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಕನ್ನಡದ ಪ್ರಬಂಧ ಎಂದ ಕೂಡಲೇ ಬೇರೊಂದು ತೊಡಕು ಎದುರಾಗುತ್ತದೆ. ನಮ್ಮ ಬಹುಪಾಲು ಪ್ರಬಂಧಗಳು ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದವು. ಪರದೆಯ ಮೇಲೆ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಮಾತ್ರ ಕನ್ನಡವಿಲ್ಲ. ‘ಕನ್ನಡ’ ಎಂಬ ಪದವನ್ನೇ ಅಂಥ ಪಿಡಿಎಫ್‌ನಿಂದ ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿ: ಇಂಗ್ಲಿಷಿನ ‘ಪಿ’ ಅಕ್ಷರ, ತಲೆಯ ಮೇಲೆ ಓರೆಗೆರೆಯಿರುವ ‘ಎ’, ಪೌಂಡಿನ ಚಿಹ್ನೆ ಬಂದು ಕೂರುತ್ತವೆ. ಕಂಪ್ಯೂಟರಿನ ಪಾಲಿಗೆ ಪುಟದ ತುಂಬ ಇರುವುದು ಅದೇ. ಹಾಗಾಗಿ ‘ಗೊಂಡರ ಢಕ್ಕೆ ಕುಣಿತ’ ಎಂದು ಹುಡುಕಿದವರಿಗೆ ಆ ಪ್ರಬಂಧ ಅಲ್ಲೇ ಇದ್ದರೂ ಒಳಪುಟಗಳಿಂದ ಏನೂ ಸಿಗುವುದಿಲ್ಲ. ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆ. ಆದರೆ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಕನ್ನಡವೆಂದೇ ತಿಳಿದು ಅವು ಕಲಸಿಬಿಡುತ್ತವೆ, ಕೂತು ತಿದ್ದಬೇಕು.

ಟೈಪ್‌ರೈಟರ್ ಕಾಲದ, ಕೈಬರಹದ ಪ್ರಬಂಧಗಳದ್ದು ಇನ್ನೂ ಕಷ್ಟ. ಅವನ್ನು ಸ್ಕ್ಯಾನ್ ಮಾಡಿದರೆ ಸಿಗುವುದು ಬರೀ ಚಿತ್ರ. ಚಿತ್ರದಿಂದ ಅಕ್ಷರ ಎತ್ತುವ ಓಸಿಆರ್ ಈಚೆಗೆ ಕನ್ನಡದಲ್ಲಿ ಬಹಳ ಸುಧಾರಿಸಿದೆ. ಆದರೂ ಹಳೆಯ ಮುದ್ರಣ ಮಸುಕಾಗಿದ್ದರೆ ‘ಧ’ದ ಕೆಳಗಿನ ಸೀಳು ಕಾಣದೆ ‘ದ’ ಆಗುತ್ತದೆ, ‘ಪ’ ಮತ್ತು ‘ಷ’ ಅದಲುಬದಲಾಗುತ್ತವೆ, ಅನುಸ್ವಾರದ ಸೊನ್ನೆ ಅಂಕಿಯ ಸೊನ್ನೆಯಾಗುತ್ತದೆ. ಓದುವ ಕಣ್ಣಿಗೆ ಎರಡೂ ಸೊನ್ನೆ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಕನ್ನಡ ಬಲ್ಲ ಕರಡು ತಿದ್ದುವವರು ಗ್ರಂಥಾಲಯದಲ್ಲಿ ಇರಲೇಬೇಕು ಎಂದು ನಾನು ಹೇಳುವುದು ಇದಕ್ಕೇ. ಸ್ಕ್ಯಾನರ್ ಕೊಳ್ಳಲು ಅನುದಾನ ಸಿಗುತ್ತದೆ, ತಿದ್ದುವವರ ಹುದ್ದೆಗೆ ಸಿಗುವುದಿಲ್ಲ.

ಪ್ರಕಟಣೆಯ ಕಡೆಗೆ ಬಂದರೆ, ಓದುಗರಿಂದ ಹಣ ಕೇಳದ ಪತ್ರಿಕೆಗಳಲ್ಲಿ ಅನೇಕವು ಲೇಖಕರಿಂದ ಕೇಳುತ್ತವೆ. 2021ರಲ್ಲಿ ‘ನೇಚರ್’ ಪತ್ರಿಕೆ ಮುಕ್ತ ಪ್ರಕಟಣೆಗೆ ಇಟ್ಟ ದರ ಲೇಖನವೊಂದಕ್ಕೆ 9,500 ಯೂರೋ, ಎಂದರೆ ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮೇಲೆ. ನಮ್ಮ ಯಾವ ರಾಜ್ಯ ವಿಶ್ವವಿದ್ಯಾಲಯದ ಅಧ್ಯಾಪಕರು ಅದನ್ನು ಕಟ್ಟಬಲ್ಲರು? ಎರಡೂ ಕಡೆ ಹಣ ಕೇಳದ ದಾರಿಯೂ ಇದೆ. ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಪತ್ರಿಕೆಗಳನ್ನು ಜಾಲತಾಣದಲ್ಲಿ ಓದಲು ಬಿಟ್ಟು ಬಹಳ ವರ್ಷಗಳಾದವು. ಪತ್ರಿಕೆ ನಡೆಸಲು ಬೇಕಾದ ‘ಓಪನ್ ಜರ್ನಲ್ ಸಿಸ್ಟಮ್ಸ್’ ತಂತ್ರಾಂಶ ಉಚಿತ. ಕನ್ನಡ ಅಧ್ಯಯನ ವಿಭಾಗಗಳು ಹೊರತರುವ ಪತ್ರಿಕೆಗಳನ್ನು ಗ್ರಂಥಾಲಯವೇ ಇದರಲ್ಲಿ ಕೂರಿಸಿಕೊಡಬಹುದು. ಹಣ ಕಿತ್ತು ಕಂಡದ್ದನ್ನೆಲ್ಲ ಅಚ್ಚುಹಾಕುವ ನಕಲಿ ಪತ್ರಿಕೆಗಳ ಬಲೆಗೆ ಎಳೆಯ ಸಂಶೋಧಕರು ಬೀಳದಂತೆ ಎಚ್ಚರಿಸುವುದೂ ಗ್ರಂಥಪಾಲಕರ ಕೆಲಸವಾಗಿದೆ. ನಂಬಬಹುದಾದ ಮುಕ್ತ ಪತ್ರಿಕೆಗಳ ಜಾಗತಿಕ ಪಟ್ಟಿಯೊಂದು 2003ರಲ್ಲಿ ಹುಟ್ಟಿದ್ದೇ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ.

2025ರಿಂದ ಕೇಂದ್ರ ಸರ್ಕಾರ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಜಾರಿಗೆ ತಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಪತ್ರಿಕೆ, 6,300 ಸರ್ಕಾರಿ ಸಂಸ್ಥೆಗಳು. ಜಿಲ್ಲಾ ಕೇಂದ್ರದ ಸಣ್ಣ ಕಾಲೇಜಿನ ಹುಡುಗಿಗೂ ದೊಡ್ಡ ಪತ್ರಿಕೆಗಳು ಸಿಗುವಂತಾದದ್ದು ಸಂತೋಷದ ವಿಷಯ. ಆದರೆ ಇದು ಚಂದಾ, ಮುಕ್ತ ಪ್ರವೇಶವಲ್ಲ. ನಿವೃತ್ತರಾದ ಮೇಷ್ಟರು, ಸ್ವಂತ ಆಸಕ್ತಿಯಿಂದ ಶಾಸನ ಓದುವವರು, ಪತ್ರಕರ್ತರು ಹೊರಗೇ ಉಳಿಯುತ್ತಾರೆ. ಕನ್ನಡದ ಎಷ್ಟೋ ಒಳ್ಳೆಯ ಸಂಶೋಧನೆ ಇಂಥವರಿಂದಲೇ ಬಂದಿದೆ.

ಪಠ್ಯ ಒಮ್ಮೆ ಯಂತ್ರ ಓದುವಂತಾದರೆ ಏನೆಲ್ಲ ಮಾಡಬಹುದು ಎನ್ನುವುದಕ್ಕೆ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ‘ಬಿಚಿತ್ರಾ’ ನೋಡಬೇಕು. ಟ್ಯಾಗೋರರ ಹಸ್ತಪ್ರತಿಗಳು, ಬೇರೆ ಬೇರೆ ಮುದ್ರಣಗಳು ಅಲ್ಲಿವೆ. ಒಂದು ಪಾಠದ ಪಕ್ಕ ಇನ್ನೊಂದನ್ನಿಟ್ಟು ಎಲ್ಲಿ ಏನು ಬದಲಾಯಿತು ಎಂದು ಹೋಲಿಸಬಹುದು. ನಮ್ಮಲ್ಲಿ ಸ್ವಯಂಸೇವಕರು ಕಟ್ಟಿದ ‘ವಚನ ಸಂಚಯ’ದಲ್ಲಿ ಒಂದು ಪದ ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ಕ್ಷಣದಲ್ಲಿ ತಿಳಿಯಬಹುದು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ಕನ್ನಡ ವಿಶ್ವಕೋಶವನ್ನು, ಇತರರು ಮರುಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಪಂಪ, ಕುಮಾರವ್ಯಾಸರ ಪಾಠಾಂತರಗಳನ್ನು ‘ಬಿಚಿತ್ರಾ’ದ ಮಟ್ಟದಲ್ಲಿ ಹೋಲಿಸುವ ತಾಣ ನಮಗೂ ಬೇಕು. ಅದಕ್ಕೆ ಬೇಕಾದ ಓಲೆಗರಿ, ವಿದ್ವಾಂಸರು, ಗ್ರಂಥಾಲಯ ಎಲ್ಲವೂ ನಮ್ಮ ವಿಶ್ವವಿದ್ಯಾಲಯಗಳಲ್ಲೇ ಇವೆ.

ಶೋಧಗಂಗಾದಲ್ಲಿ ಓದಲು ಯಾವ ಶುಲ್ಕವೂ ಇಲ್ಲ, ಯಾವ ಸಂಸ್ಥೆಗೂ ಸೇರಿರಬೇಕಿಲ್ಲ. ಕನ್ನಡ ಪ್ರಬಂಧ ಹುಡುಕುವಾಗ ಶೀರ್ಷಿಕೆಯ ಒಂದೆರಡು ಪದಗಳನ್ನು ಮೊದಲು ಕನ್ನಡದಲ್ಲಿ ಬರೆದು ನೋಡಿ. ಸಿಗದಿದ್ದರೆ ಅದೇ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಅದಕ್ಕೂ ಸಿಗದಿದ್ದರೆ ಮಾರ್ಗದರ್ಶಕರ ಹೆಸರು ಕೊಡಿ, ಇಲ್ಲವೇ ವಿಶ್ವವಿದ್ಯಾಲಯ, ವಿಭಾಗ ಆರಿಸಿಕೊಂಡು ಪಟ್ಟಿಯನ್ನೇ ನೋಡುತ್ತ ಹೋಗಿ. ಹಳೆಯ ಕಾಲದಲ್ಲಿ ಪಿಎಚ್‌.ಡಿ. ಪಡೆದ ಹಿರಿಯರು ಮನೆಯಲ್ಲಿದ್ದರೆ, ಅವರ ಪ್ರಬಂಧ ಅಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಅವರ ಒಪ್ಪಿಗೆ ಪತ್ರದೊಂದಿಗೆ ಆ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಕೇಳಿ.