ಗುಜರಿಗೆ ಹೊರಟ ಎಂಜಿನ್ ಮತ್ತೆ ನೀರೆತ್ತಿತು

ನಮ್ಮ ಹೊಳೆಬದಿಯ ಪಂಪ್ ಶೆಡ್ಡಿನಲ್ಲಿ ಅಪ್ಪನ ಕಾಲದ ಡೀಸೆಲ್ ಎಂಜಿನ್ ಒಂದಿದೆ. ಆರು ಎಚ್.ಪಿ.ಯದ್ದು. ಎರಡು ಬದಿಗೆ ಎರಡು ದೊಡ್ಡ ಗಾಲಿ, ಮೇಲೆ ಉದ್ದದ ಹೊಗೆ ಕೊಳವೆ. ಕರೆಂಟಿನ ಪಂಪು ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. 2018ರ ಆಗಸ್ಟಿನ ನೆರೆಗೆ ಶೆಡ್ಡಿನೊಳಗೆ ಸೊಂಟಮಟ್ಟ ನೀರು ನಿಂತಿತು. ನೀರಿಳಿದ ಮೇಲೆ ನೆಲದ ಕೆಸರು ತೊಳೆದೆವು. ಎಂಜಿನನ್ನು ಬಿಚ್ಚಿ ನೋಡಲಿಲ್ಲ. ಅದು ನನ್ನದೇ ಉದಾಸೀನ.

2023ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಬೇಸಿಗೆಯಲ್ಲಿ ಹೊಳೆಯ ಗುಂಡಿಯಲ್ಲಿ ನೀರಿತ್ತು, ಆದರೆ ಕರೆಂಟು ಇರಲಿಲ್ಲ. ಇದ್ದಾಗ ವೋಲ್ಟೇಜ್ ಇರಲಿಲ್ಲ. ಕಣ್ಣೆದುರು ನೀರಿದ್ದೂ ಅಡಿಕೆ ಸೋಗೆ ಜೋತು ಬೀಳುವುದನ್ನು ನೋಡುವುದು ಹೇಗೆ? ಹಳೆ ಎಂಜಿನ್ ನೆನಪಾಯಿತು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಒಂದು ನೂಲೂ ಅಲುಗಲಿಲ್ಲ. ಪೂರಾ ಕಚ್ಚಿಹೋಗಿತ್ತು.

ಗುಜರಿಯವ ಬಂದು ಕಿಲೋ ಲೆಕ್ಕದಲ್ಲಿ ಕ್ರಯ ಹೇಳಿದ. ಕೊಟ್ಟೇಬಿಡುತ್ತಿದ್ದೆನೋ ಏನೋ. ಆದರೆ ಹಿಂದೆ ಇದೇ ಎಂಜಿನನ್ನು ರಿಪೇರಿ ಮಾಡುತ್ತಿದ್ದ ಹಿರಿಯ ಮೇಸ್ತ್ರಿಯೊಬ್ಬರು ತಡೆದರು. "ಬಿಚ್ಚದೆ ಮಾರ್ಬೇಡಿ ಮಾರಾಯ್ರೆ. ತುಕ್ಕು ಹೊರಗೆ ಕಂಡಷ್ಟು ಒಳಗೆ ಇರ್ಬೇಕೂಂತ ಇಲ್ಲ. ಕಂಡದ್ದಕ್ಕಿಂತ ಹೆಚ್ಚು ಇದ್ದರೂ ಇದ್ದೀತು. ಒಮ್ಮೆ ಹೆಡ್ ತೆಗೆದು ನೋಡುವ" ಎಂದರು.

ಆ ಎಂಜಿನ್ ಈಗ ಓಡುತ್ತಿದೆ. ಇಂಥದೊಂದು ಎಂಜಿನ್ ನಿಮ್ಮ ಶೆಡ್ಡಿನಲ್ಲೂ ಇದ್ದೀತು. ಕೆಲಸದ ಕ್ರಮ, ನಾವು ಮಾಡಿದ ತಪ್ಪು ಎರಡನ್ನೂ ಇಲ್ಲಿ ಬರೆದಿದ್ದೇನೆ.

ಇದು ಯಾವ ಜಾತಿ?

ಇಂಥ ನಿಧಾನ ಓಟದ ಎಂಜಿನಿನ ಮೂಲ ಇಂಗ್ಲೆಂಡಿನ ಡರ್ಸ್ಲಿ ಎಂಬ ಊರು. ಅಲ್ಲಿನ ಲಿಸ್ಟರ್ ಕಂಪೆನಿ 1930ರ ಆಸುಪಾಸಿನಲ್ಲಿ ಇದನ್ನು ಹೊರತಂದಿತು. ಮುಂದೆ ಇದೇ ನಮೂನೆಯವು ನಮ್ಮ ದೇಶದಲ್ಲೂ, ಮುಖ್ಯವಾಗಿ ಗುಜರಾತಿನ ರಾಜಕೋಟ್ ಕಡೆ, ತಯಾರಾದವು. ನಾವು ಯಾವ ಹೆಸರಿನದ್ದಿದ್ದರೂ 'ಲಿಸ್ಟರ್' ಎಂದೇ ಕರೆಯುವುದು. ಆರು ಎಚ್.ಪಿ.ಯದ್ದರ ಬೋರು ನಾಲ್ಕೂವರೆ ಇಂಚು, ಪಿಸ್ಟನಿನ ಓಟ ಐದೂವರೆ ಇಂಚು. ನಿಮಿಷಕ್ಕೆ 650 ಸುತ್ತು. ಐದು ಎಚ್.ಪಿ.ಯ ಸಣ್ಣ ಎಂಜಿನ್‌ಗಳು ನಿಮಿಷಕ್ಕೆ 1500 ಸುತ್ತು ಓಡುವಂಥವು. ಅಂದರೆ ನಮ್ಮದು ಅರ್ಧಕ್ಕಿಂತಲೂ ನಿಧಾನ. ಸವೆತ ಕಡಿಮೆ, ಬಿಡಿಭಾಗ ದಪ್ಪ, ಬಿಚ್ಚಿ ಕೂಡಿಸುವುದು ಸುಲಭ. ಇಷ್ಟು ವರ್ಷದ ಮೇಲೂ ಎಬ್ಬಿಸಲು ಸಾಧ್ಯವಾದದ್ದು ಇದರಿಂದಲೇ.

ಕಚ್ಚುವುದು ಯಾಕೆ?

ಕಬ್ಬಿಣ ತುಕ್ಕಾದಾಗ ಮೊದಲಿದ್ದ ಜಾಗದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಪಿಸ್ಟನ್ ರಿಂಗಿಗೂ ಬೋರಿಗೂ ನಡುವೆ ಇರುವುದು ಎಣ್ಣೆಯ ತೆಳು ಪೊರೆ ಮಾತ್ರ. ಅಲ್ಲಿ ತುಕ್ಕು ಉಬ್ಬಿದರೆ ಬೆಣೆ ಹೊಡೆದ ಹಾಗೆ.

ನೆರೆ ಬಾರದಿದ್ದರೂ ತೇವ ಒಳಗೆ ಹೋಗುತ್ತದೆ. ದಾರಿ ಯಾವುದು? ಹೊಗೆ ಕೊಳವೆ. ಎಂಜಿನ್ ನಿಂತಾಗ ಒಂದು ವಾಲ್ವ್ ತೆರೆದಿದ್ದರೆ ಮಳೆಗಾಲದ ಗಾಳಿ ನೇರ ಬೋರಿಗೆ ಇಳಿಯುತ್ತದೆ. ಡಿಕಂಪ್ರೆಶನ್ ಲಿವರನ್ನು ಎತ್ತಿಟ್ಟೇ ಬಿಡುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಲಿವರ್ ಎತ್ತಿದ್ದರೆ ಹೊಗೆಯ ವಾಲ್ವ್ ತೆರೆದೇ ಇರುತ್ತದೆ. ನಮ್ಮ ಎಂಜಿನಿನಲ್ಲೂ ಲಿವರ್ ಎತ್ತಿಯೇ ಇತ್ತು.

ಬಿಡಿಸಲು ಬಲ ಬೇಡ, ದಿನ ಬೇಕು

ನಾನು ಮಾಡಿದ ಮೊದಲ ತಪ್ಪು ಹ್ಯಾಂಡಲಿಗೆ ಉದ್ದದ ಪೈಪು ಸಿಕ್ಕಿಸಿ ಇಬ್ಬರು ಜೋತು ಬಿದ್ದದ್ದು. ಮೇಸ್ತ್ರಿ ಬೈದರು. ಹಾಗೆ ಮಾಡಿದರೆ ರಿಂಗು ತುಂಡಾಗಬಹುದು, ಕನೆಕ್ಟಿಂಗ್ ರಾಡ್ ಬಗ್ಗಬಹುದು.

ಸರಿಯಾದ ಕ್ರಮ ಹೀಗೆ. ಮೊದಲು ಡೀಸೆಲ್ ಪೈಪು, ನೋಜಲ್, ರಾಕರ್, ಪುಷ್ ರಾಡ್ ಬಿಚ್ಚಿ ಕ್ರಮವಾಗಿ ಒಂದು ಹಲಗೆಯ ಮೇಲೆ ಇಡಿ. ಯಾವುದು ಎಲ್ಲಿಯದೆಂದು ಗುರುತು ಹಾಕಿ. ಹೆಡ್ಡಿನ ನಟ್ಟುಗಳಿಗೆ ಎರಡು ದಿನ ಮೊದಲೇ ಎಣ್ಣೆ ಬಿಡಿ. ನಟ್ಟು ತಿರುಗದಿದ್ದರೆ ಸ್ವಲ್ಪ ಬಿಗಿ ಮಾಡಿ, ಮತ್ತೆ ಸಡಿಲಿಸಿ. ಹೀಗೆ ಹಿಂದೆ ಮುಂದೆ ಆಡಿಸಿದರೆ ಸ್ಟಡ್ ತುಂಡಾಗುವ ಭಯ ಕಡಿಮೆ.

ಹೆಡ್ ಎತ್ತಿದಾಗ ಪಿಸ್ಟನ್ ಬೋರಿನ ನಡುವೆ ನಿಂತಿತ್ತು. ಸುತ್ತ ಕೆಂಪು ಹುಡಿ. ಪಿಸ್ಟನಿನ ಮೇಲೆ ಬೋರಿಗೆ ಅಂಟಿದ ತುಕ್ಕನ್ನು ಮೊದಲು ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆದೆವು. ಇಲ್ಲದಿದ್ದರೆ ರಿಂಗು ಬಿಟ್ಟುಕೊಂಡರೂ ಮೇಲೆ ಬರುವಾಗ ಮತ್ತೆ ಸಿಕ್ಕಿಬೀಳುತ್ತದೆ. ಆಮೇಲೆ ಎಣ್ಣೆ ತುಂಬಿದೆವು. ಪವರ್ ಸ್ಟೀರಿಂಗಿಗೆ, ಆಟೊಮ್ಯಾಟಿಕ್ ಗೇರಿನ ಕಾರುಗಳಿಗೆ ಹಾಕುವ ಒಂದು ತೆಳು ಕೆಂಪು ಎಣ್ಣೆ ಉಂಟಲ್ಲ, ಅದಕ್ಕೆ ಸಮಪಾಲು ಅಸಿಟೋನ್ ಬೆರೆಸಿದರೆ ಸಂದಿಗೆ ಚೆನ್ನಾಗಿ ಇಳಿಯುತ್ತದೆ. ಎರಡೂ ಬೇಗ ಬೇರೆಯಾಗುವ ಕಾರಣ ಪ್ರತಿಸಲ ಕುಲುಕಬೇಕು. ಸಿಗದಿದ್ದರೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿದರೂ ಆದೀತು, ಸ್ವಲ್ಪ ಹೆಚ್ಚು ದಿನ ಬೇಕು ಅಷ್ಟೆ. ಅಸಿಟೋನ್ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುವಂಥದ್ದು. ಬಾಗಿಲು ತೆರೆದಿಡಿ. ಹತ್ತಿರ ಬೀಡಿ, ದೀಪ ಬೇಡ. ಬಿಸಿ ಮಾಡಲೆಂದು ಬೆಂಕಿ ಹಿಡಿಯುವುದಂತೂ ಬೇಡವೇ ಬೇಡ.

ದಿನಕ್ಕೆ ಎರಡು ಸಲ ಎಣ್ಣೆ ಹೊಯ್ಯುವುದು, ಬೋರಿನಷ್ಟೇ ಅಗಲದ ಹಲಸಿನ ಮರದ ತುಂಡನ್ನು ಪಿಸ್ಟನಿನ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟುವುದು, ಗಾಲಿಯನ್ನು ಎರಡೂ ಕಡೆಗೆ ಆಡಿಸಿ ನೋಡುವುದು. ಇಷ್ಟೇ ಕೆಲಸ. ಪಿಸ್ಟನ್ ತೀರಾ ಮೇಲೆ ಅಥವಾ ತೀರಾ ಕೆಳಗೆ ನಿಂತಿದ್ದರೆ ಹೀಗೆ ತಟ್ಟಬಾರದು. ಆಗ ಪೆಟ್ಟೆಲ್ಲ ರಾಡಿಗೂ ಬೇರಿಂಗಿಗೂ ಬೀಳುತ್ತದೆ, ಗಾಲಿ ತಿರುಗುವುದಿಲ್ಲ. ಒಂಬತ್ತನೇ ದಿನ ಬೆಳಗ್ಗೆ ಗಾಲಿ ಕೂದಲೆಳೆಯಷ್ಟು ಅಲುಗಿತು. ಆ ದಿನ ಮೇಸ್ತ್ರಿ ಮತ್ತೇನೂ ಮಾಡಲು ಬಿಡಲಿಲ್ಲ. ಇನ್ನಷ್ಟು ಎಣ್ಣೆ ಬಿಟ್ಟು ಮನೆಗೆ ಹೋದರು. ಹನ್ನೊಂದನೇ ದಿನ ಪೂರ್ತಿ ಸುತ್ತು ಬಂತು.

ಉಳಿಸುವುದೋ, ಮಾರುವುದೋ?

ಬಿಟ್ಟುಕೊಂಡ ಮಾತ್ರಕ್ಕೆ ಗೆದ್ದೆವೆಂದಲ್ಲ. ಖರ್ಚು ಮಾಡುವ ಮೊದಲು ಮೂರು ಸಂಗತಿ ನೋಡಬೇಕು.

ಒಂದು, ನೀರಿನ ಜಾಕೆಟ್. ಅದರಲ್ಲಿ ನೀರು ತುಂಬಿ ಒಂದು ರಾತ್ರಿ ಬಿಡಿ. ಬೋರಿನ ಒಳಬದಿಯಲ್ಲಿ ಪಸೆ ಕಂಡರೆ ಬಿರುಕಿದೆ. ಸಿಲಿಂಡರೇ ಬೇರೆ ಬೇಕು.

ಎರಡು, ಬೋರು. ಒರೆಸಿ ಉಗುರು ಎಳೆದು ನೋಡಿ. ರಿಂಗು ಓಡಾಡುವ ಜಾಗದಲ್ಲಿ ಉಗುರಿಗೆ ಗುಳಿ ಸಿಕ್ಕಿದರೆ ಪಾಲಿಶಿನಿಂದ ಸರಿಯಾಗದು. ರೀಬೋರ್ ಮಾಡಿಸಿ ಓವರ್ ಸೈಜ್ ಪಿಸ್ಟನ್ ಹಾಕಬೇಕು, ಇಲ್ಲವೇ ಒಳಗೆ ಸ್ಲೀವ್ ಕೂರಿಸಬೇಕು. ಬರೇ ಕಲೆ ಇದ್ದರೆ ಹೋನಿಂಗ್ ಸಾಕು. ನಮ್ಮದರಲ್ಲಿ ಗುಳಿ ಇತ್ತು, ಸ್ಲೀವ್ ಹಾಕಿಸಿದೆವು.

ಮೂರು, ಕ್ರಾಂಕ್. ಬೇರಿಂಗ್ ಕೂರುವ ಜಾಗದಲ್ಲಿ ತುಕ್ಕು ತಿಂದಿದ್ದರೆ ಗ್ರೈಂಡ್ ಮಾಡಿಸಿ ಅದಕ್ಕೆ ಹೊಂದುವ ಬೇರಿಂಗ್ ಹಾಕಬೇಕು. ಸಂಪಿನಲ್ಲಿ ಎಣ್ಣೆಯಿದ್ದ ಪುಣ್ಯ, ನಮ್ಮ ಕ್ರಾಂಕ್ ಉಳಿದಿತ್ತು. ಆದರೆ ಆ ಎಣ್ಣೆ ನೀರು ಸೇರಿ ಮಜ್ಜಿಗೆಯ ಹಾಗಾಗಿತ್ತು.

ಮೂರೂ ಹಾಳಾಗಿದ್ದರೆ ಆಸೆ ಬಿಡಿ. ಗುಜರಿಯವನಿಗೆ ಕೊಡುವುದೇ ಲಾಭ. ಒಂದೇ ಕೆಟ್ಟಿದ್ದರೆ ಧೈರ್ಯ ಮಾಡಬಹುದು. ಲೇತ್ ಶಾಪಿನಲ್ಲಿ ಮೊದಲೇ ಖರ್ಚು ಕೇಳಿ, ಹೊಸ ಎಂಜಿನಿನ ಕ್ರಯದ ಪಕ್ಕದಲ್ಲಿಟ್ಟು ನೋಡಿ.

ಹೊಸ ರಿಂಗು ಹಾಕುವಾಗ ಅದನ್ನು ಒಂಟಿಯಾಗಿ ಬೋರಿನೊಳಗೆ ಕೂರಿಸಿ, ಬಾಯಿಯ ಅಂತರವನ್ನು ಫೀಲರ್ ಗೇಜಿನಿಂದ ಅಳೆಯಿರಿ. ಬೋರಿನ ಇಂಚಿಗೆ ಮೂರರಿಂದ ನಾಲ್ಕು ಥೌ ಎಂಬುದು ಸಾಮಾನ್ಯ ಲೆಕ್ಕ. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ನಾಲ್ಕೂವರೆ ಇಂಚಿನ ಬೋರಿಗೆ ಸುಮಾರು 14ರಿಂದ 18 ಥೌ. ಅಂತರ ಇಲ್ಲದಿದ್ದರೆ ಬಿಸಿಯಾದಾಗ ರಿಂಗು ಹಿಗ್ಗಿ ಮತ್ತೆ ಕಚ್ಚುತ್ತದೆ.

ಸಣ್ಣ ಕೆಲಸ, ದೊಡ್ಡ ಫಲ

ತುಕ್ಕು ಹಿಡಿದ ಬೋಲ್ಟು, ಲಿವರುಗಳನ್ನು ಹುಣಸೆಹುಳಿಯ ನೀರಿನಲ್ಲಿ ಒಂದೆರಡು ದಿನ ಹಾಕಿಟ್ಟು ಉಜ್ಜಿದೆವು. ಹಿತ್ತಾಳೆ ಪಾತ್ರೆ ಬೆಳಗಿದ ಹಾಗೆಯೇ. ಆಮೇಲೆ ಸೋಡ ಹಾಕಿದ ನೀರಿನಲ್ಲಿ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರಬೇಕು. ಅಲ್ಯೂಮಿನಿಯಮಿನ ಪಿಸ್ಟನಿಗೂ ಬೇರಿಂಗಿಗೂ ಈ ಮದ್ದು ಬೇಡ.

ವಾಲ್ವುಗಳನ್ನು ಪೇಸ್ಟ್ ಹಚ್ಚಿ ಅರೆದು ಕೂರಿಸಿದ ಮೇಲೆ ಹೆಡ್ಡಿನ ದಾರಿಗಳಿಗೆ ಚಿಮಿಣಿ ಎಣ್ಣೆ ಹೊಯ್ದು ನೋಡಿ. ವಾಲ್ವಿನ ಅಂಚಿನಲ್ಲಿ ಜಿನುಗಿದರೆ ಇನ್ನೂ ಅರೆಯಬೇಕು.

ಡೀಸೆಲ್ ಪಂಪು ಮತ್ತು ನೋಜಲಿಗೆ ಮನೆಯಲ್ಲಿ ಸುತ್ತಿಗೆ ಮುಟ್ಟಿಸಬೇಡಿ. ಅವುಗಳೊಳಗಿನ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ. ಇಂಥ ಪಂಪು, ನೋಜಲುಗಳನ್ನು ತಯಾರಿಸಿ ರೈತರಿಗೆ ಪರಿಚಿತವಾದ ಮೈಕೊ ಕಂಪೆನಿ 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಪೇಟೆಯ ಪಂಪ್ ಸರ್ವಿಸಿನವರಲ್ಲಿ ಒತ್ತಡ ಪರೀಕ್ಷಿಸುವ ಯಂತ್ರ ಇರುತ್ತದೆ, ಅವರಿಗೇ ಕೊಡಿ. ನೋಜಲ್ ಸಿಂಪಡಿಸುವಾಗ ಕೈ ಅಡ್ಡ ಹಿಡಿಯಬೇಡಿ. ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಸಣ್ಣದೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೊದಲ ಸ್ಟಾರ್ಟ್

ಗಾಲಿಯ ಕೀ ಸಡಿಲವಿದೆಯೇ, ಗಾಲಿಯಲ್ಲಿ ಬಿರುಕಿದೆಯೇ ನೋಡಿ. ಹೊಸ ಎಣ್ಣೆ ತುಂಬಿ. ಈ ಎಂಜಿನಿನಲ್ಲಿ ರಾಡಿನ ಬುಡದ ಕೊಕ್ಕೆ ಎಣ್ಣೆಯನ್ನು ಎರಚಿ ಎಲ್ಲ ಕಡೆ ಹರಡುತ್ತದೆ. ಹಾಗಾಗಿ ಎಣ್ಣೆಯ ಮಟ್ಟ ಕಡಿಮೆಯಾದರೆ ಬೇರಿಂಗು ಉಳಿಯದು. ಲಿವರ್ ಎತ್ತಿ ಐವತ್ತು ಸುತ್ತು ಕೈಯಲ್ಲೇ ತಿರುಗಿಸಿ. ಪೈಪಿನ ಗಾಳಿ ತೆಗೆಯಿರಿ. ನೋಜಲಿನಿಂದ 'ಕ್ರೀಕ್' ಎಂಬ ಸದ್ದು ಕೇಳಿದರೆ ಡೀಸೆಲ್ ಬಂತೆಂದು ಅರ್ಥ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಲಿ. ಹಿಂದಕ್ಕೆ ಒದ್ದರೆ ಕೈ ಮುರಿಯದು.

ಗಾಳಿ ಎಳೆಯುವ ಬಾಯಿಯ ಹತ್ತಿರ ಒಂದು ಹಲಗೆ ತಯಾರಿಟ್ಟುಕೊಳ್ಳಿ. ಒಳಗೆ ಉಳಿದ ಎಣ್ಣೆ ಉರಿದು ಎಂಜಿನ್ ಅಡ್ಡಾದಿಡ್ಡಿ ಓಡಲು ತೊಡಗಿದರೆ ಡೀಸೆಲ್ ನಿಲ್ಲಿಸಿದರೂ ನಿಲ್ಲದು. ಆಗ ಹಲಗೆ ಅಡ್ಡ ಇಟ್ಟು ಗಾಳಿ ತಡೆಯುವುದೊಂದೇ ದಾರಿ. ಗಾಲಿಯ ನೇರಕ್ಕೆ ಯಾರೂ ನಿಲ್ಲಬಾರದು.

ಅರ್ಧ ಗಂಟೆ ಖಾಲಿ ಓಡಿಸಿ, ತಣಿದ ಮೇಲೆ ಹೆಡ್ಡಿನ ನಟ್ಟು ಮತ್ತೆ ಬಿಗಿ ಮಾಡಿ, ಟ್ಯಾಪೆಟ್ ನೋಡಿ. ಕೆಲವು ದಿನ ಅರ್ಧ ಲೋಡಿನಲ್ಲೇ ಓಡಲಿ. ಸುಮಾರು ಇಪ್ಪತ್ತೈದು ಗಂಟೆಯಾದಾಗ ಎಣ್ಣೆ ಬದಲಿಸಿ. ಹೊಸ ಸವೆತದ ಹುಡಿ ಎಲ್ಲ ಅದರಲ್ಲಿ ಇರುತ್ತದೆ.

ಮತ್ತೆ ಹೀಗಾಗದಿರಲು

ಮಳೆಗಾಲಕ್ಕೆ ಮೊದಲು ಬಿಸಿ ಇರುವಾಗಲೇ ಹಳೆ ಎಣ್ಣೆ ತೆಗೆದು ಹೊಸತು ಹಾಕಿ. ಜಾಕೆಟಿನ ನೀರು ಖಾಲಿ ಮಾಡಿ. ನೋಜಲ್ ತೆಗೆದು ಬೋರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಕೈಯಲ್ಲೇ ಕೆಲವು ಸುತ್ತು ತಿರುಗಿಸಿ, ನೋಜಲನ್ನು ಮತ್ತೆ ಕೂರಿಸಿ. ಲಿವರ್ ಇಳಿಸಿ, ಕಂಪ್ರೆಶನ್ ಬಿಗಿಯಾಗುವಲ್ಲಿಗೆ ತಂದು ನಿಲ್ಲಿಸಿ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ. ಹೊಗೆ ಕೊಳವೆಗೆ ತಗಡಿನ ಡಬ್ಬಿ ಕವುಚಿ. ಮತ್ತೆ ಸ್ಟಾರ್ಟ್ ಮಾಡುವ ಮೊದಲು ನೋಜಲ್ ಬಿಚ್ಚಿ ನಾಲ್ಕು ಸುತ್ತು ತಿರುಗಿಸಿ ಆ ಎಣ್ಣೆಯನ್ನು ಹೊರಹಾಕಲು ಮರೆಯಬೇಡಿ. ಎಲ್ಲ ಸೇರಿ ಅರ್ಧ ದಿನದ ಕೆಲಸ. ಈ ಅರ್ಧ ದಿನವನ್ನು ನಾನು ಹಿಂದೆ ಉಳಿಸಿದ್ದಕ್ಕೆ ಒಂದು ತಿಂಗಳು ಮತ್ತು ಒಂದು ಸ್ಲೀವಿನ ದಂಡ ತೆತ್ತೆ.

ಎಲ್ಲ ಮುಗಿಯುವಾಗ ಬೇಸಿಗೆಯ ಮೂರು ವಾರ ಮಾತ್ರ ಉಳಿದಿತ್ತು. ತೋಟದ ಕೆಳ ಅಂತಸ್ತಿಗೆ ಆ ಮೂರು ವಾರ ಈ ಎಂಜಿನಿನಿಂದಲೇ ನೀರಾಯಿತು. ಮೇಲಿನ ಅಂತಸ್ತಿನ ಸಸಿಗಳಲ್ಲಿ ಕೆಲವು ಅಷ್ಟರೊಳಗೆ ಹೋಗಿದ್ದವು. ಒಂದು ತಿಂಗಳು ಮೊದಲೇ ಹೆಡ್ ಬಿಚ್ಚಿದ್ದರೆ ಅವೂ ಉಳಿಯುತ್ತಿದ್ದವು. ಅದಕ್ಕೇ ಹೇಳುವುದು, ನೀವು ಬೇಸಿಗೆಗೆ ಕಾಯಬೇಡಿ. ನಾಳೆಯೇ ಶೆಡ್ಡಿಗೆ ಹೋಗಿ ಹ್ಯಾಂಡಲ್ ಒಂದು ಸುತ್ತು ತಿರುಗಿಸಿ ನೋಡಿ.