ನಮ್ಮ ಮನೆಯಿಂದ ದಿನಕ್ಕೆ ಎಷ್ಟು ಟ್ರಿಪ್?



ಬೆಳಿಗ್ಗೆ ಎಂಟು ಗಂಟೆಗೆ 880ರಲ್ಲೋ 101ರಲ್ಲೋ ಸಿಕ್ಕಿಹಾಕಿಕೊಂಡು, "ಇಷ್ಟು ಜನ ಬರುತ್ತಾರೆಂದು ರಸ್ತೆ ಮಾಡಿದವರಿಗೆ ಗೊತ್ತಿರಲಿಲ್ಲವೇ?" ಎಂದು ಗೊಣಗದವರು ನಮ್ಮಲ್ಲಿ ಕಡಿಮೆ. ಅವರು ಲೆಕ್ಕ ಹಾಕಿಯೇ ಇರುತ್ತಾರೆ. ಅದು ಹೇಗೆಂದು ಸ್ವಲ್ಪ ನೋಡೋಣ.

1950ರ ದಶಕದಲ್ಲಿ ಡೆಟ್ರಾಯಿಟ್, ಶಿಕಾಗೊ ಅಧ್ಯಯನಗಳಲ್ಲಿ ರೂಪುಗೊಂಡ ಈ ವಿಧಾನಕ್ಕೆ ನಾಲ್ಕು ಹಂತ. ಮೊದಲು ಊರನ್ನು ಸಣ್ಣ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದ ಮನೆಗಳಿಂದ ಎಷ್ಟು ಟ್ರಿಪ್ ಹೊರಡುತ್ತವೆಂದು ಅಂದಾಜು ಮಾಡುತ್ತಾರೆ. ಮನೆಯಲ್ಲಿ ಎಷ್ಟು ಜನ, ಕೆಲಸಕ್ಕೆ ಹೋಗುವವರೆಷ್ಟು, ಕಾರುಗಳೆಷ್ಟು ಎಂಬುದೇ ಇದಕ್ಕೆ ಆಧಾರ. ಎರಡನೆಯದು, ಅವು ಎಲ್ಲಿಗೆ ಹೋಗುತ್ತವೆ? ಇಲ್ಲಿ ನ್ಯೂಟನ್ನನ ಗುರುತ್ವಾಕರ್ಷಣೆಯಂಥದೇ ಸೂತ್ರ: ಆಫೀಸು, ಶಾಲೆ, ಅಂಗಡಿ ಹೆಚ್ಚಿದ್ದಷ್ಟೂ ಆ ಜಾಗದ ಸೆಳೆತ ಹೆಚ್ಚು; ದೂರವಾದಷ್ಟೂ ಕಡಿಮೆ. ಮೂರನೆಯದು, ಕಾರೋ ಬಸ್ಸೋ ರೈಲೋ? ನಾಲ್ಕನೆಯದು, ಯಾವ ದಾರಿ?

ಮೂರನೆಯ ಹಂತದ ಪ್ರಸಿದ್ಧ ಕಥೆ ನಮ್ಮ ಬಾರ್ಟ್ ರೈಲಿನದೇ. 1972ರಲ್ಲಿ ಅದು ಶುರುವಾಗುವ ಮುಂಚೆ, ಕೆಲಸಕ್ಕೆ ಹೋಗುವವರಲ್ಲಿ ಶೇಕಡಾ 15 ಜನ ಅದರಲ್ಲಿ ಓಡಾಡುತ್ತಾರೆಂದು ಅಧಿಕೃತ ಅಂದಾಜಿತ್ತು. ಬರ್ಕ್ಲಿಯ ಪ್ರೊಫೆಸರ್ ಡೇನಿಯಲ್ ಮೆಕ್‌ಫ್ಯಾಡನ್ ವಲಯದ ಸರಾಸರಿಯನ್ನು ನಂಬಲಿಲ್ಲ. ಕೆಲವು ನೂರು ಜನರನ್ನು ವಿಚಾರಿಸಿ, ಪ್ರತಿಯೊಬ್ಬರೂ ಸಮಯ, ಖರ್ಚು ತೂಗಿ ನೋಡಿ ಹೇಗೆ ಆಯ್ಕೆ ಮಾಡುತ್ತಾರೆಂದು ಲೆಕ್ಕ ಹಾಕಿದರು. ಅವರಿಗೆ ಬಂದ ಉತ್ತರ ಶೇಕಡಾ 6.3. ನಿಜಕ್ಕೂ ಹತ್ತಿದವರು ಶೇಕಡಾ 6.2! ಇಂಥ ಆಯ್ಕೆಗಳ ವಿಶ್ಲೇಷಣೆಗಾಗಿ 2000ದಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಸೂತ್ರ ಎಷ್ಟೇ ಚೆನ್ನಾಗಿದ್ದರೂ ಮಾಹಿತಿ ಬರಬೇಕಾದದ್ದು ಮನೆಗಳಿಂದಲೇ ಎಂಬುದು ಇದರ ಪಾಠ. ಕ್ಯಾಲಿಫೋರ್ನಿಯಾದ 2012-13ರ ಸಮೀಕ್ಷೆಯಲ್ಲಿ ಭಾಗವಹಿಸಿದ್ದು ಸುಮಾರು 42 ಸಾವಿರ ಮನೆಗಳು. ಇಡೀ ರಾಜ್ಯಕ್ಕೆ ಹೋಲಿಸಿದರೆ ಇದು ಬೊಗಸೆಯಷ್ಟು. ಹಾಗಾಗಿ ಒಂದು ಮನೆಯ ಉತ್ತರ ನೂರಾರು ಮನೆಗಳ ಪರವಾಗಿ ನಿಲ್ಲುತ್ತದೆ.

ಇಂಥ ಸಮೀಕ್ಷೆಯ ಪತ್ರ ಅಂಚೆಯಲ್ಲಿ ಬಂದರೆ ಜಂಕ್ ಮೇಲ್ ಎಂದು ಬಿಸಾಡಬೇಡಿ. ಅಧಿಕೃತವೇ ಎಂದು ಖಚಿತಪಡಿಸಿಕೊಂಡು, ಮನೆಮಂದಿಯೆಲ್ಲ ಕೂತು ತುಂಬಿ. ಆಫೀಸಿಗೆ ಹೋದದ್ದನ್ನು ಎಲ್ಲರೂ ಬರೆಯುತ್ತಾರೆ. ಮಗಳನ್ನು ಭರತನಾಟ್ಯದ ಕ್ಲಾಸಿಗೆ ಬಿಟ್ಟದ್ದು, ದಾರಿಯಲ್ಲಿ ಹಾಲು ತಂದದ್ದು, ಜೊತೆಯಲ್ಲಿರುವ ಅಪ್ಪ ಅಮ್ಮ ಬಸ್ಸಿನಲ್ಲಿ ಲೈಬ್ರರಿಗೆ ಹೋದದ್ದು ಮರೆತುಹೋಗುತ್ತವೆ. ಲೆಕ್ಕಕ್ಕೆ ಬಾರದ ಟ್ರಿಪ್ಪಿಗೆ ಬಸ್ಸೂ ಬರುವುದು ಕಷ್ಟ. ಕಾರು ಓಡಿಸದ ನಮ್ಮ ಹಿರಿಯರಿಗೆ ಅದೇ ದೊಡ್ಡ ಮಾತು, ಅಲ್ಲವೇ?