ಪೆಂಟೆಶಿಲೆಯೋ, ಗ್ರಾನೈಟೋ? ಆಲ್ಫಬೆಟ್ ಕಂಪನಿಯ ರಚನೆಯನ್ನು ಕುರಿತು

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನಲ್ಲಿ ತಾಳ್ಯ ಎಂಬ ಊರುಂಟು. ಅದರ ಸುತ್ತಣ ಬಂಡೆಗಳು ಭೂವಿಜ್ಞಾನಿಗಳಿಗೆ ಬಹುಕಾಲದಿಂದಲೂ ಪರಿಚಿತವಾದುವು. ಹತ್ತಿರದಿಂದ ನೋಡಿದರೆ, ಬೇರೆ ಬೇರೆ ಜಾತಿಯ, ಬೇರೆ ಬೇರೆ ಗಾತ್ರದ ಕಲ್ಲುಗಳು ಒಂದೇ ಗಾರೆಯಲ್ಲಿ ಹೂತುಕೊಂಡಂತೆ ಇರುವುದು ಕಾಣುತ್ತದೆ. ಇಂಥ ಬಂಡೆಗೆ ಪೆಂಟೆಶಿಲೆಯೆಂದು ಹೆಸರು, ಇಂಗ್ಲಿಷಿನಲ್ಲಿ ಕಾಂಗ್ಲಾಮರೇಟ್. ಲ್ಯಾಟಿನ್ ಭಾಷೆಯಲ್ಲಿ ಈ ಪದದ ಮೂಲಾರ್ಥ ಉಂಡೆಯಾಗಿ ಸುತ್ತಿಕೊಳ್ಳುವುದು.

ಇದರ ಪಕ್ಕದಲ್ಲಿ ರಾಮನಗರದ ಗ್ರಾನೈಟಿನ ಒಂದು ತುಂಡನ್ನಿಟ್ಟು ನೋಡೋಣ. ಅದರಲ್ಲಿಯೂ ಬಿಳಿಯ ಬೆಣಚು, ನಸುಗೆಂಪು ಫೆಲ್ಡ್‌ಸ್ಪಾರ್, ಕಪ್ಪು ಅಭ್ರಕ ಎಂದು ನಾನಾ ಬಣ್ಣದ ಖನಿಜಗಳು ಬೆರೆತಿವೆ. ಆದರೆ ಇವು ಎಲ್ಲಿಂದಲೋ ಉರುಳಿ ಬಂದು ಸೇರಿದುವಲ್ಲ. ಒಂದೇ ಶಿಲಾರಸವು ತಣಿಯುತ್ತ ಬಂದಾಗ ಹುಟ್ಟಿ, ಒಂದನ್ನೊಂದು ಹೆಣೆದುಕೊಂಡು ಬೆಳೆದುವು. ಆದುದರಿಂದ ಹಲವು ಬಗೆಯ ವಸ್ತುಗಳು ಒಂದೆಡೆ ಇವೆಯೆಂಬ ಮಾತ್ರಕ್ಕೆ ಬಂಡೆಯು ಪೆಂಟೆಶಿಲೆಯಾಗದು. ಅವು ಎಲ್ಲಿಂದ ಬಂದುವು, ಯಾವುದರಿಂದ ಬೆಸೆದುಕೊಂಡಿವೆ ಎಂಬೆರಡು ಪ್ರಶ್ನೆಗಳನ್ನು ಕೇಳಲೇಬೇಕು.

ಅರ್ಥಶಾಸ್ತ್ರಜ್ಞರು ಈ ಶಿಲೆಯ ಹೆಸರನ್ನು ಎರವಲು ಪಡೆದು, ಪರಸ್ಪರ ಸಂಬಂಧವಿಲ್ಲದ ಹಲವು ಉದ್ಯಮಗಳನ್ನು ಒಂದೇ ಒಡೆತನದಲ್ಲಿ ನಡೆಸುವ ಕಂಪನಿಗಳಿಗೆ ಇಟ್ಟಿದ್ದಾರೆ. ಗೂಗಲಿನ ಒಡೆಯನಾದ ಆಲ್ಫಬೆಟ್ ಕಂಪನಿಯನ್ನು ಈ ಹೆಸರಿನಿಂದ ಕರೆಯುವುದು ಈಗ ವಾಡಿಕೆಯಾಗಿದೆ. ಅದು ಸರಿಯೆ ಎಂಬುದನ್ನು ಪರಿಶೀಲಿಸೋಣ.

ಹಳೆಯ ಮಾದರಿ

೧೯೫೦ರಲ್ಲಿ ಅಮೆರಿಕವು ತನ್ನ ಸ್ಪರ್ಧಾ ಕಾನೂನನ್ನು ಬಿಗಿಗೊಳಿಸಿತು. ಪ್ರತಿಸ್ಪರ್ಧಿಯನ್ನಾಗಲಿ, ತನಗೆ ಸರಕು ಒದಗಿಸುವವನನ್ನಾಗಲಿ ಕೊಂಡುಕೊಳ್ಳುವುದು ದೊಡ್ಡ ಕಂಪನಿಗಳಿಗೆ ಕಷ್ಟವಾಯಿತು. ಬೆಳೆಯಬೇಕೆಂಬ ಹಂಬಲವಿದ್ದವರು ಸಂಬಂಧವೇ ಇಲ್ಲದ ವ್ಯಾಪಾರಗಳತ್ತ ತಿರುಗಿದರು. ಹೆರಾಲ್ಡ್ ಜೆನೀನ್ ಎಂಬಾತನು ನಡೆಸುತ್ತಿದ್ದ ಐ.ಟಿ.ಟಿ. ಕಂಪನಿಯು ಮೂಲತಃ ದೂರವಾಣಿಯದು. ಅದು ೧೯೬೫ರಲ್ಲಿ ಬಾಡಿಗೆ ಕಾರುಗಳ ಏವಿಸ್ ಕಂಪನಿಯನ್ನೂ ೧೯೬೮ರಲ್ಲಿ ಷೆರಟನ್ ಹೋಟೆಲುಗಳನ್ನೂ ಒಂದು ದೊಡ್ಡ ಬ್ರೆಡ್ ಕಂಪನಿಯನ್ನೂ ಕೊಂಡಿತು. ೧೯೭೦ರಲ್ಲಿ ಒಂದು ವಿಮಾ ಕಂಪನಿ ಅದರ ಕೈಸೇರಿತು.

ಈ ಕೊಳ್ಳುವಿಕೆಯ ಹಿಂದೆ ಒಂದು ಲೆಕ್ಕವೂ ಇತ್ತು. ಒಂದು ಕಂಪನಿಗೆ ೧೦೦ ಷೇರುಗಳಿದ್ದು, ಲಾಭ ೧೦೦ ರೂಪಾಯಿ, ಷೇರಿನ ಬೆಲೆ ೩೦ ರೂಪಾಯಿ ಎಂದಿಟ್ಟುಕೊಳ್ಳೋಣ. ಇನ್ನೊಂದು ಕಂಪನಿಯ ಲಾಭ ೩೦೦ ರೂಪಾಯಿ. ಆದರೆ ಜನರಿಗೆ ಅದರಲ್ಲಿ ಅಷ್ಟು ಭರವಸೆಯಿಲ್ಲದ ಕಾರಣ ಅದರ ಒಟ್ಟು ಬೆಲೆಯೂ ೩,೦೦೦ ರೂಪಾಯಿಯೇ. ಮೊದಲನೆಯದು ೧೦೦ ಹೊಸ ಷೇರುಗಳನ್ನು ಕೊಟ್ಟು ಎರಡನೆಯದನ್ನು ಕೊಳ್ಳುತ್ತದೆ. ಈಗ ೨೦೦ ಷೇರುಗಳಿಗೆ ೪೦೦ ರೂಪಾಯಿ ಲಾಭ. ಷೇರೊಂದಕ್ಕೆ ಒಂದು ರೂಪಾಯಿ ಇದ್ದದ್ದು ಎರಡಾಯಿತು. ಒಂದು ಮೊಳೆಯನ್ನೂ ಹೆಚ್ಚಾಗಿ ತಯಾರಿಸದೆ ಕಂಪನಿಯು ಎರಡು ಪಾಲು ಬೆಳೆದಂತೆ ತೋರಿತು! ಷೇರುಪೇಟೆ ಏರುತ್ತಿರುವವರೆಗೆ ಈ ಉಪಾಯ ನಡೆಯಿತು. ೧೯೬೯-೭೦ರಲ್ಲಿ ಪೇಟೆ ಕುಸಿದಾಗ ಅದರ ಮೋಡಿಯೂ ಇಳಿಯಿತು. ಐ.ಟಿ.ಟಿ. ೧೯೯೫ರಲ್ಲಿ ಮೂರು ಹೋಳಾಯಿತು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಉದಾಹರಣೆಯುಂಟು. ಬೆಂಗಳೂರಿನ ವಿಪ್ರೋ ಕಂಪನಿಯು ೧೯೪೫ರಲ್ಲಿ ಮಹಾರಾಷ್ಟ್ರದ ಅಮಳನೇರಿನಲ್ಲಿ ಅಡುಗೆಯೆಣ್ಣೆಯ ಉದ್ಯಮವಾಗಿ ಹುಟ್ಟಿತು. ಮುಂದೆ ಸಾಬೂನು, ದೀಪ, ಕಂಪ್ಯೂಟರ್ ಎಲ್ಲವನ್ನೂ ಕೈಗೊಂಡಿತು. ಸಾಬೂನಿಗೂ ಕಂಪ್ಯೂಟರಿನ ಕ್ರಮವಿಧಿಗಳಿಗೂ ಇದ್ದ ನಂಟು ಒಡೆತನದ್ದೇ ಹೊರತು ಕೆಲಸದ್ದಲ್ಲ. ಆದ್ದರಿಂದಲೇ ೨೦೧೩ರಲ್ಲಿ ಸಾಬೂನು ಮೊದಲಾದ ವ್ಯಾಪಾರಗಳನ್ನು ಬೇರೆ ಕಂಪನಿಯಾಗಿ ಬಿಡಿಸಿದಾಗ ಎರಡು ಕಡೆಯ ಕೆಲಸವೂ ನಿಲ್ಲದೆ ಸಾಗಿತು. ಗಾರೆಯನ್ನು ಕೆರೆದರೆ ಕಲ್ಲುಗಳು ಇಡಿಯಾಗಿ ಕೈಗೆ ಬರುವುದೇ ಪೆಂಟೆಶಿಲೆಯ ಲಕ್ಷಣ.

ಅಳತೆಗೋಲು

೧೯೭೪ರಲ್ಲಿ ರಿಚರ್ಡ್ ರುಮೆಲ್ಟ್ ಎಂಬ ಅಮೆರಿಕದ ವಿದ್ವಾಂಸರು ಕಂಪನಿಗಳ ವೈವಿಧ್ಯವನ್ನು ಅಳೆಯಲು ಒಂದು ಗೋಲನ್ನು ಒದಗಿಸಿದರು. ಆದಾಯದಲ್ಲಿ ನೂರಕ್ಕೆ ೯೫ ಪಾಲು ಅಥವಾ ಅದಕ್ಕೂ ಹೆಚ್ಚು ಒಂದೇ ವ್ಯಾಪಾರದಿಂದ ಬಂದರೆ ಅದು ಏಕೋದ್ಯಮ. ೭೦ರಿಂದ ೯೫ರ ನಡುವೆ ಇದ್ದರೆ ಒಂದು ಉದ್ಯಮವೇ ಪ್ರಧಾನವಾದ ಕಂಪನಿ. ಅದಕ್ಕೂ ಕೆಳಗಿಳಿದರೆ, ವ್ಯಾಪಾರಗಳೊಳಗೆ ಸಂಬಂಧವುಂಟೋ ಇಲ್ಲವೋ ಎಂದು ನೋಡಬೇಕು.

ಈ ಗೋಲನ್ನು ಆಲ್ಫಬೆಟ್ಟಿಗೆ ಹಿಡಿಯೋಣ. ೨೦೨೪ರಲ್ಲಿ ಅದರ ಒಟ್ಟು ಆದಾಯ ಸುಮಾರು ೩೫,೦೦೦ ಕೋಟಿ ಡಾಲರು. ಅದರಲ್ಲಿ ಜಾಹೀರಾತುಗಳಿಂದ ಬಂದುದು ಸುಮಾರು ೨೬,೪೬೦ ಕೋಟಿ. ಎಂದರೆ ನೂರಕ್ಕೆ ೭೫ಕ್ಕಿಂತ ತುಸು ಹೆಚ್ಚು. ಕಂಪ್ಯೂಟರ್ ಶಕ್ತಿಯನ್ನು ಬಾಡಿಗೆಗೆ ಕೊಡುವ ಕ್ಲೌಡ್ ವಿಭಾಗದ ಪಾಲು ಸುಮಾರು ೧೨. ಚಾಲಕನಿಲ್ಲದೆ ಓಡುವ ವೇಮೊ ಕಾರುಗಳು, ವೈದ್ಯವಿಜ್ಞಾನದ ವೆರಿಲಿ, ಸಾಮಾನು ಹೊತ್ತು ಹಾರುವ ವಿಂಗ್ ಯಂತ್ರಗಳು ಎಂದು ಪತ್ರಿಕೆಗಳಲ್ಲಿ ನಾವು ಬೆರಗಿನಿಂದ ಓದುವ ಇತರ ಸಾಹಸಗಳೆಲ್ಲ ಸೇರಿ ತಂದ ಆದಾಯ ನೂರಕ್ಕೆ ಅರ್ಧ ಪಾಲನ್ನೂ ಮುಟ್ಟಲಿಲ್ಲ. ಅವುಗಳಿಂದಾದ ನಷ್ಟ ಮಾತ್ರ ೪೪೦ ಕೋಟಿ ಡಾಲರುಗಳನ್ನು ಮೀರಿತು. ರುಮೆಲ್ಟರ ಗೋಲಿನ ಪ್ರಕಾರ ಇದು ಒಂದು ಉದ್ಯಮವೇ ಪ್ರಧಾನವಾದ ಕಂಪನಿಯೇ ಹೊರತು ಪೆಂಟೆಶಿಲೆಯಲ್ಲ.

ಆದರೆ ಆದಾಯದ ಗೋಲೊಂದನ್ನೇ ನಂಬುವಂತಿಲ್ಲ. ಅಮೆಜಾನ್ ಕಂಪನಿಯ ೨೦೨೪ರ ಮಾರಾಟದಲ್ಲಿ ಕ್ಲೌಡ್ ವಿಭಾಗದ ಪಾಲು ನೂರಕ್ಕೆ ಸುಮಾರು ೧೭; ವ್ಯವಹಾರದ ಲಾಭದಲ್ಲಾದರೋ ಸುಮಾರು ೫೮. ಮಾರಾಟದಿಂದ ಅಳೆದರೆ ಅದು ಅಂಗಡಿ, ಲಾಭದಿಂದ ಅಳೆದರೆ ಕಂಪ್ಯೂಟರ್ ಬಾಡಿಗೆಯ ಮನೆ! ಆದ್ದರಿಂದ ನಮ್ಮ ಎರಡು ಪ್ರಶ್ನೆಗಳಿಗೆ ಹಿಂದಿರುಗುವುದೇ ಲೇಸು.

ಬೆಸುಗೆ ಯಾವುದು?

ಎಲ್ಲಿಂದ ಬಂದುವು? ಆಂಡ್ರಾಯ್ಡನ್ನು ಗೂಗಲ್ ಕೊಂಡದ್ದು ೨೦೦೫ರಲ್ಲಿ. ಯೂಟ್ಯೂಬನ್ನು ೨೦೦೬ರಲ್ಲಿ, ೧೬೫ ಕೋಟಿ ಡಾಲರುಗಳಿಗೆ. ಇವು ಹೊರಗಿನಿಂದ ಉರುಳಿ ಬಂದ ಕಲ್ಲುಗಳೇ ಸರಿ. ಆದರೆ ಬಂದ ಮೇಲೆ ಅವು ಕಲ್ಲುಗಳಾಗಿಯೇ ಉಳಿಯಲಿಲ್ಲ. ಭೂಮಿಯ ಆಳದಲ್ಲಿ ಶಾಖವೂ ಒತ್ತಡವೂ ಹೆಚ್ಚಿದಾಗ ಹಳೆಯ ಬಂಡೆ ಕರಗಿ ಗ್ರಾನೈಟಾಗುವುದುಂಟು. ಇಲ್ಲಿಯೂ ಅಂಥದೇ ಪರಿವರ್ತನೆ ನಡೆದಿದೆ. ಹುಡುಕಾಟ, ನಕ್ಷೆ, ಅಂಚೆ, ಚಲಚ್ಚಿತ್ರ ಎಲ್ಲಕ್ಕೂ ಬಳಕೆದಾರನ ಖಾತೆ ಒಂದೇ. ದತ್ತಾಂಶದ ಉಗ್ರಾಣಗಳೂ ಜಾಹೀರಾತಿನ ಯಂತ್ರಾಂಗವೂ ಹಂಚಿಕೊಂಡವು. ಒಂದರಲ್ಲಿ ನಾವು ಒತ್ತಿದ ಗುಂಡಿಯು ಇನ್ನೊಂದರಲ್ಲಿ ನಮಗೆ ಕಾಣುವುದನ್ನು ನಿರ್ಧರಿಸಬಲ್ಲದು. ಐ.ಟಿ.ಟಿ.ಯಲ್ಲಿ ಬ್ರೆಡ್ಡಿಗೂ ಹೋಟೆಲಿಗೂ ಬೆಸುಗೆಯಾಗಿದ್ದುದು ಹಣದ ಥೈಲಿ. ಇಲ್ಲಿ ಬೆಸುಗೆಯಾಗಿರುವುದು ನಮ್ಮ ನಿಮ್ಮ ದಿನಚರಿಯ ದಾಖಲೆ.

೨೦೧೫ರಲ್ಲಿ ಆಲ್ಫಬೆಟ್ ಎಂಬ ಮೇಲು ಕಂಪನಿಯನ್ನು ಕಟ್ಟಿದಾಗ, ಇನ್ನೂ ಬೆಸೆದುಕೊಳ್ಳದ ಸಾಹಸಗಳನ್ನು ಗೂಗಲಿನಿಂದ ಬೇರ್ಪಡಿಸಿ ಇಡಲಾಯಿತು. ಅವು ನಿಜವಾಗಿಯೂ ಬಿಡಿ ಕಲ್ಲುಗಳು. ಬೆಲೂನುಗಳಿಂದ ಅಂತರ್ಜಾಲವನ್ನು ಒದಗಿಸುವ ಲೂನ್ ಯೋಜನೆಯನ್ನು ೨೦೨೧ರಲ್ಲಿ ಮುಚ್ಚಿದಾಗ ಗೂಗಲಿನ ಒಂದು ಹರಳೂ ಅಲುಗಲಿಲ್ಲ.

ಹೆಸರಿನಿಂದ ಏನು?

ಇದು ಬರಿಯ ಪದಗಳ ಜಗಳವೆಂದು ತೋರಬಹುದು, ಹಾಗಲ್ಲ. ಪೆಂಟೆಶಿಲೆಯ ಬಗೆಯ ಕಂಪನಿಯನ್ನು ಒಡೆಯುವುದು ಸುಲಭ, ಆದರೆ ಒಡೆಯುವ ಅಗತ್ಯವೇ ಕಡಿಮೆ. ಏಕೆಂದರೆ ಬ್ರೆಡ್ ಮಾರುವವನ ಬಲವು ಹೋಟೆಲಿನವನ ಸ್ಪರ್ಧಿಯನ್ನು ಅಷ್ಟಾಗಿ ಕಾಡದು. ಗ್ರಾನೈಟಿನ ಬಗೆಯದರಲ್ಲಿ ಒಂದೆಡೆಯ ಬಲವು ಇನ್ನೊಂದೆಡೆ ಹರಿಯುತ್ತದೆ. ಅಲ್ಲಿ ಕಾವಲು ಹೆಚ್ಚು ಬೇಕು, ಒಡೆಯುವುದೂ ಹೆಚ್ಚು ಕಷ್ಟ. ಭಾರತದ ಸ್ಪರ್ಧಾ ಆಯೋಗವು ೨೦೨೨ರಲ್ಲಿ ಆಂಡ್ರಾಯ್ಡ್ ವಿಚಾರದಲ್ಲಿ ಗೂಗಲಿಗೆ ೧,೩೩೭.೭೬ ಕೋಟಿ ರೂಪಾಯಿ ದಂಡ ವಿಧಿಸಿದುದು, ಫೋನಿನ ಮೇಲಣ ಹಿಡಿತವು ಬೇರೆ ಸೇವೆಗಳಿಗೆ ಹರಿಯುತ್ತಿದೆಯೆಂಬ ಕಾರಣಕ್ಕೇ. ಅಮೆರಿಕದಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ೨೦೨೪ರಲ್ಲಿ, ಹುಡುಕಾಟದಲ್ಲಿ ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಪಾಡಿಕೊಂಡಿದೆಯೆಂದು ತೀರ್ಪಿತ್ತರು. ಕ್ರೋಮ್ ಎಂಬ ಅದರ ವೀಕ್ಷಕವನ್ನು ಮಾರಿಸಬೇಕೆಂದು ಸರ್ಕಾರ ಕೇಳಿತು. ೨೦೨೫ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಅದನ್ನು ಒಪ್ಪದೆ, ಏಕಮಾತ್ರ ಹಕ್ಕಿನ ಒಪ್ಪಂದಗಳನ್ನು ನಿಷೇಧಿಸಿ, ಕೆಲವು ದತ್ತಾಂಶಗಳನ್ನು ಅರ್ಹ ಸ್ಪರ್ಧಿಗಳಿಗೆ ಒದಗಿಸಬೇಕೆಂದು ವಿಧಿಸಿತು. ಹರಳನ್ನು ಕೀಳುವ ಬದಲು ಬೆಸುಗೆಯ ಮೇಲೆಯೇ ಕೈಯಿಟ್ಟಂತಾಯಿತು.

ಹೀಗೆ ನೋಡಿದರೆ, ಆಲ್ಫಬೆಟ್ ಒಂದು ದೊಡ್ಡ ಗ್ರಾನೈಟ್ ಗುಂಡು. ಅದರ ಅಂಚಿಗೆ ಕೆಲವು ಬಿಡಿ ಕಲ್ಲುಗಳು ಅಂಟಿಕೊಂಡಿವೆ. ಕ್ಲೌಡ್ ವಿಭಾಗವೂ ವೇಮೊ ಕಾರುಗಳೂ ಮುಂದೆ ಬೆಳೆದಂತೆ ಈ ಪ್ರಮಾಣ ಬದಲಾಗಬಹುದು. ಆಗ ಮತ್ತೆ ಅಳೆದು ನೋಡಬೇಕು. ಅಲ್ಲಿಯವರೆಗೆ, ದೊಡ್ಡ ಕಂಪನಿಯೊಂದರ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅದು ಎಷ್ಟು ವಸ್ತುಗಳನ್ನು ಮಾರುತ್ತದೆಂದು ಎಣಿಸುತ್ತ ಕೂರದೆ, ಅವನ್ನೆಲ್ಲ ಹಿಡಿದಿಟ್ಟಿರುವ ಗಾರೆ ಯಾವುದು, ಅದನ್ನು ಒದಗಿಸುತ್ತಿರುವವರು ಯಾರು ಎಂದು ನಾವು ಕೇಳುವುದು ಒಳಿತು.